ಗುಂಡಮ್ಮನ ನೀರಿಗೆ ಉಪ್ಪು

ಗುಂಡಮ್ಮ ಮರಿ ಹಾಕಿದ್ದಾಳೆ ಎಂದು ಹೇಳಲು ಅತ್ತೆ ನನ್ನನ್ನು ಎಬ್ಬಿಸಿದರು.

ಗುಂಡಮ್ಮ ಎಂದರೆ ನಮ್ಮ ಹಾಲ್‌ನ ಗಾಜಿನ ತೊಟ್ಟಿಯಲ್ಲಿರುವ ಕಡಲ ಹೂವು. ಹೂವೆಂದು ಕರೆಯುತ್ತಾರೆಯೇ ಹೊರತು ಅದು ಪ್ರಾಣಿ. ಬಂಡೆಗೆ ಪಾದ ಊರಿ ಕೂತು, ಬೆರಳಿನಂಥ ಎಳೆಗಳನ್ನು ನೀರಿನಲ್ಲಿ ಬಿಚ್ಚಿಕೊಂಡಿರುತ್ತದೆ; ಜಾಗ ಹಿಡಿಸದಿದ್ದರೆ ಪಾದ ಸರಿಸುತ್ತ ಬೇರೆಡೆಗೆ ಹೋಗುತ್ತದೆ. ಸಿಕ್ಕಿದ್ದನ್ನು ನಡುವಿನ ಬಾಯಿಗೆ ದೂಡಿಕೊಳ್ಳುತ್ತದೆ. ಈ ಜಾತಿಯದರಲ್ಲಿ ಎಳೆಯ ತುದಿ ಉಬ್ಬಿ ಗುಳ್ಳೆಯಂತೆ ದುಂಡಗಿರುತ್ತದೆ. ಹೆಸರು ಇಟ್ಟವನು ನನ್ನ ಗಂಡ. ತಂದ ದಿನ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮನೆಗೆ ಇನ್ನೊಬ್ಬ ಹೆಂಗಸು ಬಂದಿದ್ದಾಳೆ, ಹೊಂದಿಕೊಂಡು ಹೋಗು ಎಂದಿದ್ದ. ಅದರ ಎಳೆಗಳ ನಡುವೆ ಸೇರಿಕೊಂಡ ಕಿತ್ತಳೆ ಬಣ್ಣದ ಪಟ್ಟೆ ಮೀನಿಗೆ ಮನೆಯಳಿಯ ಎಂದು ಹೆಸರಿಟ್ಟ. ಹೆಂಡತಿ ಮನೆಯಲ್ಲಿ ಬಿದ್ದಿರುತ್ತಾನೆ, ಕೆಲಸವಿಲ್ಲ, ಬೊಗಸೆಯಿಲ್ಲ ಎಂದು ನಗುತ್ತಿದ್ದ.

ಈಗ ಅವನಿಲ್ಲ. ಆಫೀಸಿನ ಮೆಟ್ಟಿಲ ಮೇಲೆ ಕುಸಿದ. ತಲೆಯೊಳಗೆ ರಕ್ತನಾಳ ಒಡೆದಿತ್ತು. ಅತ್ತೆ ತಮ್ಮ ಮನೆಗೆ ಬೀಗ ಹಾಕಿ ನನ್ನ ಜೊತೆ ಇರಲು ಬಂದರು. ಯಾರು ಯಾರನ್ನು ನೋಡಿಕೊಳ್ಳಲು ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ನಾನು ಕೆಲಸಕ್ಕೆ ಹೋಗಿ ಬರುತ್ತೇನೆ. ಅವರು ತೊಟ್ಟಿಯನ್ನು ನೋಡಿಕೊಳ್ಳುತ್ತಾರೆ.

ಎದ್ದು ಹೋಗಿ ನೋಡಿದೆ. ಮುಂದಿನ ಬಂಡೆಯ ಮೇಲೆ ಕಂದು ಬಣ್ಣದ ಸಣ್ಣ ಸಣ್ಣ ಹೂಗಳು ಅರಳಿದ್ದವು. ಇಲ್ಲೊಂದು, ಅಲ್ಲೊಂದು, ಮೇಲೆ ಗುಂಪಾಗಿ ಕೆಲವು. ನಡುವಿನ ದೊಡ್ಡದನ್ನು ಅತ್ತೆ ತಾಯಿ ಎಂದು ತೋರಿಸಿದರು. ಅದಕ್ಕೆ ದಿನವೂ ಸಿಗಡಿಯ ಚೂರು ತಿನ್ನಿಸುತ್ತಿದ್ದವರು ಅವರೇ.

‘ಅಂತೂ ಅಜ್ಜಿ ಆದೆ ನೋಡು’ ಎಂದರು. ಎಂದವರು ತಕ್ಷಣ ಬಟ್ಟೆ ಒಣಗಿಹಾಕುವ ನೆಪದಲ್ಲಿ ಒಳಗೆ ಹೋದರು. ನಮಗೆ ಮಕ್ಕಳಾಗಿರಲಿಲ್ಲ.

ಒಳಗಿನಿಂದ ಬರುವಾಗ ಕೈಯಲ್ಲಿ ಬಕೆಟ್ ಇತ್ತು. ತೊಟ್ಟಿಯ ನೀರು ದಿನವೂ ಒಂದಿಷ್ಟು ಆರಿ ಕೆಳಗಿಳಿಯುತ್ತದೆ. ಅದನ್ನು ತುಂಬಿಸುವುದು ಅತ್ತೆಯ ಬೆಳಗಿನ ಕೆಲಸ. ಅಡುಗೆಮನೆಯ ಫಿಲ್ಟರಿನಿಂದ ನೀರು ಹಿಡಿದು, ತೊಟ್ಟಿಯ ಕೆಳಗಿನ ಕಪಾಟಿನಿಂದ ಅವನು ತಂದಿಟ್ಟಿದ್ದ ಸಮುದ್ರದ ಉಪ್ಪಿನ ಚೀಲ ಎಳೆದು, ಒಂದು ಹಿಡಿ ಹಾಕಿ, ಮರದ ಸೌಟಿನಲ್ಲಿ ತಿರುವಿ, ಮಗ್ಗಿನಲ್ಲಿ ನಿಧಾನವಾಗಿ ಸುರಿದರು. ಸುರಿಯುವಾಗ ಮಗುವಿಗೆ ಸ್ನಾನ ಮಾಡಿಸುವವರ ಹಾಗೆ ಇನ್ನೊಂದು ಕೈಯನ್ನು ನೀರಿನ ಧಾರೆಗೆ ಅಡ್ಡ ಹಿಡಿದಿದ್ದರು.

ನಾನು ಎದುರಿನ ಕುರ್ಚಿಯಲ್ಲಿ ಕಾಫಿ ಕುಡಿಯುತ್ತ ನೋಡುತ್ತಿದ್ದೆ. ಪ್ರತಿ ದಿನದ ಹಾಗೆ.

ಆರುವುದು ನೀರು ಮಾತ್ರ. ಉಪ್ಪು ಉಳಿಯುತ್ತದೆ. ಆರಿದ್ದನ್ನು ಬರೀ ನೀರಿನಿಂದ ತುಂಬಿಸಬೇಕು. ಇದು ಮಕ್ಕಳಿಗೂ ಗೊತ್ತಿರುವ ವಿಷಯ, ನಾನಂತೂ ಅದನ್ನೇ ಓದಿ ಪಾಸಾದವಳು. ನಗರದ ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ನನಗೆ ಕೆಲಸ. ಯಾವ ಬಡಾವಣೆಯ ನಲ್ಲಿಯಲ್ಲಿ ಏನು ಬರುತ್ತಿದೆ ಎಂದು ನೋಡಿ ಸಹಿ ಹಾಕುತ್ತೇನೆ. ಆದರೂ ಅತ್ತೆಗೆ ಹೇಳಲಿಲ್ಲ. ಹೇಳಿದರೆ ಉಪ್ಪಿನ ಮಾತು ಶುರುವಾಗುತ್ತಿತ್ತು. ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಇಬ್ಬರಿಗೂ ಗೊತ್ತಿತ್ತು.

ನನ್ನ ಗಂಡನಿಗೆ ರಕ್ತದೊತ್ತಡ ಇತ್ತು. ಡಾಕ್ಟರು ಉಪ್ಪು ಬಿಡಿಸಿದ್ದರು. ನಾನು ಸಪ್ಪೆ ಅಡುಗೆ ಮಾಡುತ್ತಿದ್ದೆ. ವಾರಕ್ಕೊಮ್ಮೆ ತಾಯಿಯ ಮನೆಗೆ ಊಟಕ್ಕೆ ಹೋಗುತ್ತಿದ್ದ. ಸಪ್ಪೆ ಉಂಡು ಮಗ ಸೊರಗುತ್ತಾನೆಂದು ಅತ್ತೆ ಅವನ ತಟ್ಟೆಗೆ ಮಾಮೂಲಿಯಂತೆ, ಕೆಲವೊಮ್ಮೆ ಮಾಮೂಲಿಗಿಂತ ಧಾರಾಳವಾಗಿ, ಉಪ್ಪು ಹಾಕುತ್ತಿದ್ದರು. ಅವನು ಬಂದು ಲೋಟದ ಮೇಲೆ ಲೋಟ ನೀರು ಕುಡಿಯುತ್ತ, ‘ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ’ ಎನ್ನುತ್ತಿದ್ದ. ಗಾದೆಯನ್ನು ಅಷ್ಟು ಅಕ್ಷರಶಃ ಪಾಲಿಸಬೇಡ ಎಂದು ನಾನು ನಗುತ್ತಿದ್ದೆ.

ಅವನು ಹೋದ ಮೇಲೆ ಅತ್ತೆ ಉಪ್ಪು ತಿನ್ನುವುದನ್ನು ಬಿಟ್ಟಿದ್ದಾರೆ. ಅಡುಗೆಗೆ ಉಪ್ಪು ಹಾಕುವ ಮೊದಲೇ ತಮ್ಮ ಪಾಲನ್ನು ಬೇರೆ ಪಾತ್ರೆಗೆ ತೆಗೆದಿಟ್ಟುಕೊಳ್ಳುತ್ತಾರೆ. ಯಾಕೆಂದು ಹೇಳಿಲ್ಲ. ನಾನು ಕೇಳಿಲ್ಲ.

ಅಂಥವರಿಗೆ ಹೋಗಿ, ನಿಮ್ಮ ಮಗ ತಂದ ಗುಂಡಮ್ಮನಿಗೂ ನಿಮ್ಮ ಉಪ್ಪೇ ಕಂಟಕ ಎಂದು ಹೇಗೆ ಹೇಳುವುದು?

ಆ ದಿನ ಕೆಲಸದಿಂದ ಬರುವಾಗ ಭೂತಗನ್ನಡಿ ತಂದು ಮರಿಗಳನ್ನು ನೋಡಿದೆ. ಎಳೆಗಳು ಉದ್ದ, ತೆಳು. ಆಚೆಗಿನ ಬಂಡೆ ಕಾಣುವಷ್ಟು ಪಾರದರ್ಶಕ. ತುದಿ ಸೂಜಿಯಂತೆ ಚೂಪು. ಒಂದಕ್ಕೂ ಗುಳ್ಳೆಯಿಲ್ಲ, ಅತ್ತೆ ತಾಯಿ ಎಂದ ದೊಡ್ಡದಕ್ಕೂ ಇಲ್ಲ. ಪೆನ್ಸಿಲಿನಿಂದ ಮುಟ್ಟಿದರೆ ಕಣ್ಣು ಮಿಟುಕಿಸುವುದರೊಳಗೆ ಬಂಡೆಯ ತೂತಿಗೆ ಸೇರಿಬಿಡುತ್ತಿತ್ತು. ಗುಂಡಮ್ಮ ಹಾಗಲ್ಲ. ಮುಟ್ಟಿದರೆ ಮುನಿಸಿಕೊಂಡವಳಂತೆ ಸಾವಕಾಶವಾಗಿ ಮೈ ಎಳೆದುಕೊಳ್ಳುತ್ತಿದ್ದಳು. ಇನ್ನೊಂದನ್ನೂ ಗಮನಿಸಿದೆ. ಮನೆಯಳಿಯ ಈ ಹೂಗಳ ಹತ್ತಿರ ಸುಳಿಯುತ್ತಿರಲಿಲ್ಲ. ಅವನಿಗೆ ಈಚೆಗೆ ಅತ್ತೆ ಮನೆ ಮೇಲೆ ಕೋಪ ಎಂದು ಅತ್ತೆ ತಮಾಷೆ ಮಾಡಿದರು.

ಮರುದಿನ ಫೋಟೋ ತೆಗೆದುಕೊಂಡು ಮೀನಿನ ಅಂಗಡಿಗೆ ಹೋದೆ. ಗುಂಡಮ್ಮನನ್ನು ಮಾರಿದ ಅಂಗಡಿಯವನಿಗೆ ನನ್ನ ಗುರುತು ಸಿಗಲಿಲ್ಲ. ನಾನೂ ಹೇಳಿಕೊಳ್ಳಲಿಲ್ಲ. ಫೋನ್ ನೋಡಿ ನಕ್ಕ.

‘ಇದೂ ಕಡಲ ಹೂವೇ, ಆದ್ರೆ ಕಳೆ ಜಾತಿ ಮೇಡಂ. ಕಲ್ಲಿನ ಜೊತೆ ಪುಕ್ಕಟೆ ಬರತ್ತೆ. ಒಂದನ್ನ ಹಿಸುಕಿದ್ರೆ ನಾಲ್ಕಾಗತ್ತೆ. ಆದ್ರೂ ಇಷ್ಟು ಪೊಗದಸ್ತಾಗಿರೋದನ್ನ ನಾನು ನೋಡೇ ಇಲ್ಲ. ಏನು ಮೇಯಿಸ್ತೀರಿ ಇದಕ್ಕೆ?’

ಗುಳ್ಳೆಯ ತುದಿಯ ಹೂವೊಂದಿತ್ತು, ಅದೇನಾಗಿರಬಹುದು ಎಂದು ಕೇಳಿದೆ. ಸತ್ತು ಕರಗಿರಬೇಕು ಎಂದ. ಸತ್ತರೆ ಕೊಳೆತು ಮನೆಯೆಲ್ಲ ನಾತ ಬರುತ್ತದಲ್ಲ ಎಂದೆ. ಅವನು ಭುಜ ಹಾರಿಸಿ, ಹಿಂದಿನ ನೀಲಿ ಬೆಳಕಿನ ತೊಟ್ಟಿಗೆ ಕರೆದುಕೊಂಡು ಹೋದ. ಅಲ್ಲಿ ಗುಂಡಮ್ಮನಂಥದೇ ಇನ್ನೊಂದು ಕೂತಿತ್ತು. ಅದೇ ಕಂದು, ಅದೇ ನಸುಗೆಂಪು ತುದಿ. ಇದನ್ನು ಒಯ್ದು ಅದರ ಜಾಗದಲ್ಲಿ ಇಟ್ಟುಬಿಡಿ, ಮನೆಯವರಿಗೆ ಗೊತ್ತೇ ಆಗುವುದಿಲ್ಲ ಎಂದ. ಮಕ್ಕಳ ಮೀನು ಸತ್ತಾಗ ಎಷ್ಟೋ ಅಪ್ಪಂದಿರು ಅವನ ಅಂಗಡಿಗೆ ಓಡಿ ಬರುತ್ತಾರಂತೆ, ಮಕ್ಕಳು ಶಾಲೆಯಿಂದ ಬರುವುದರೊಳಗೆ.

ಬಹಳ ಹೊತ್ತು ಅದರ ಮುಂದೆ ನಿಂತಿದ್ದೆ. ಒಯ್ಯಬೇಕೆಂದೇ ಅನ್ನಿಸಿತು. ಅತ್ತೆಗೆ ಏನನ್ನೂ ಹೇಳಬೇಕಾಗಿರಲಿಲ್ಲ. ಒಯ್ಯದೆ ಬಂದದ್ದು ಒಳ್ಳೆಯತನದಿಂದಲ್ಲ. ನಮ್ಮ ಮನೆಯ ನೀರಿನಲ್ಲಿ ಅದೂ ಉಳಿಯುವುದಿಲ್ಲ ಎಂದು ಗೊತ್ತಿತ್ತು.

ಮರುದಿನ ತೊಟ್ಟಿಯ ನೀರನ್ನು ಸಣ್ಣ ಶೀಷೆಯಲ್ಲಿ ಪ್ರಯೋಗಾಲಯಕ್ಕೆ ಒಯ್ದೆ. ಇಷ್ಟು ದಿನ ಯಾಕೆ ಒಯ್ಯಲಿಲ್ಲ ಎಂದು ಕೇಳುವವರು ಯಾರೂ ಇರಲಿಲ್ಲ. ಸಮುದ್ರದ ನೀರಿನಲ್ಲಿ ಸಾವಿರ ಭಾಗಕ್ಕೆ ಮೂವತ್ತೈದರಷ್ಟು ಉಪ್ಪಿರುತ್ತದೆ. ನಮ್ಮದು ನಲವತ್ತನ್ನು ದಾಟಿತ್ತು. ಪಕ್ಕದ ಮೇಜಿನ ಹಿರಿಯ ಸಹೋದ್ಯೋಗಿ ಇಣುಕಿ ನೋಡಿ, ಯಾರಪ್ಪ ಇವರು, ಮೀನು ಸಾಕ್ತಿದ್ದಾರೋ ಉಪ್ಪಿನಕಾಯಿ ಹಾಕ್ತಿದ್ದಾರೋ ಎಂದರು. ನಾನೂ ನಕ್ಕೆ. ಯಾರೋ ಪರಿಚಯದವರದ್ದು ಎಂದೆ.

ಮನೆಗೆ ಬಂದಾಗ ಅತ್ತೆ ಅಂಗಡಿಗೆ ಹೋಗಿದ್ದರು. ತೊಟ್ಟಿಯ ಮುಂದೆ ಕೂತು ಮನೆಯಳಿಯನನ್ನು ನೋಡಿದೆ. ಅವನು ಹಿಂದಿನ ಮೂಲೆಯಲ್ಲಿ, ಫಿಲ್ಟರಿನ ಡಬ್ಬದ ಪಕ್ಕ, ಒಂದೇ ಜಾಗದಲ್ಲಿ ಬಾಲ ಆಡಿಸುತ್ತಿದ್ದ. ಆಚೆ ಹೋಗುತ್ತಿದ್ದ, ಮತ್ತೆ ಅಲ್ಲಿಗೇ ಬರುತ್ತಿದ್ದ. ಟಾರ್ಚ್ ತಂದು ಗೋಡೆಗೂ ಗಾಜಿಗೂ ನಡುವೆ ತಲೆ ತೂರಿಸಿ ಬೆಳಕು ಬಿಟ್ಟೆ.

ಬಂಡೆಯ ಸಂದಿಯಲ್ಲಿ ಒಂದು ಬೆಳ್ಳನೆಯ ಮುದ್ದೆ ಇತ್ತು. ನೆನೆದ ಹತ್ತಿಯುಂಡೆಯ ಹಾಗೆ. ಎಳೆಗಳು ಗಿಡ್ಡವಾಗಿ ಜೋತುಬಿದ್ದಿದ್ದವು. ಬಾಯಿ ಅರೆ ತೆರೆದಿತ್ತು. ಗುಂಡಮ್ಮನಿಗೆ ಬಣ್ಣ ಕೊಡುವುದು ಅದರ ಮೈಯೊಳಗೆ ವಾಸಿಸುವ ಪಾಚಿ. ನೀರು ಕೆಟ್ಟಾಗ, ಬೆಳಕು ಸಿಗದಾಗ ಆ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ತೊಟ್ಟಿಯ ನೀಲಿ ದೀಪ ಹಾಕಿದರೆ ನನಗೆ ನನ್ನ ಗಂಡ ಅದರ ಮುಂದೆ ಕೂತ ಹಾಗೆ ಕಾಣುತ್ತಿತ್ತು. ಆದ್ದರಿಂದ ನಾನು ಅದನ್ನು ಹಾಕುತ್ತಿರಲಿಲ್ಲ. ಕಿಟಕಿಯ ಬೆಳಕು ಸಾಕು ಎಂದು ಅತ್ತೆಗೆ ಹೇಳಿದ್ದೆ.

ಉದ್ದನೆಯ ಕಡ್ಡಿ ತಂದು ಒಂದು ಎಳೆಯ ತುದಿಗೆ ಮುಟ್ಟಿಸಿದೆ. ಅಂಟಿತು. ಬಲವಿಲ್ಲದೆ ಅಂಟಿತು, ಆದರೂ ಅಂಟಿತು. ಸತ್ತದ್ದು ಅಂಟುವುದಿಲ್ಲ. ಅಂಟಿದ ಎಳೆಯ ತುದಿಯಲ್ಲಿ ಗುಳ್ಳೆಯ ಸಣ್ಣದೊಂದು ಉಬ್ಬು ಇನ್ನೂ ಇತ್ತು.

ಖುಷಿಯಾಗಬೇಕಿತ್ತು. ಮೊದಲು ಬಂದದ್ದು, ಇನ್ನೂ ಸತ್ತಿಲ್ಲ ಎಂಬ ಭಯ. ಸತ್ತಿದ್ದರೆ ನಾನು ಇನ್ನೇನೂ ಮಾಡಬೇಕಾಗಿರಲಿಲ್ಲ.

ಉಪ್ಪನ್ನು ಒಮ್ಮೆಲೇ ಇಳಿಸುವಂತಿಲ್ಲ. ಅತ್ತೆ ಸ್ನಾನಕ್ಕೆ ಹೋದಾಗ ತೊಟ್ಟಿಯಿಂದ ಕೆಲವು ಮಗ್ಗು ನೀರು ತೆಗೆದು ಸಿಂಕಿಗೆ ಚೆಲ್ಲಿ, ಅಷ್ಟೇ ಶುದ್ಧ ನೀರು ಸೇರಿಸತೊಡಗಿದೆ. ಬಚ್ಚಲಿನ ನೀರಿನ ಸದ್ದು ನಿಂತಾಗ ನನ್ನ ಕೈಯೂ ನಿಲ್ಲುತ್ತಿತ್ತು. ದೀಪವನ್ನು ಮಂದವಾಗಿ ಸ್ವಲ್ಪ ಹೊತ್ತು ಹಾಕಿದೆ. ಗುಂಡಮ್ಮನನ್ನು ಕಿತ್ತು ಬೇರೆ ಕಡೆ ಇಡುವಂತಿರಲಿಲ್ಲ. ಪಾದ ಹರಿದರೆ ಮುಗಿಯಿತು. ತೊಟ್ಟಿಯ ನೀರು ತಿರುಗಿಸುವ ಪಂಪಿನ ಬಾಯಿಗೆ ಮಾತ್ರ ಸ್ಪಂಜು ಕಟ್ಟಿದೆ, ಜಾರಿ ಹೋದರೆ ಒಳಗೆ ಎಳೆದುಕೊಳ್ಳದಿರಲಿ ಎಂದು.

ಉಳಿದದ್ದು ಅತ್ತೆಯ ಹಿಡಿ ಉಪ್ಪು. ಚೀಲವನ್ನು ಬೀರುವಿನ ಮೇಲೆ, ಹಳೆಯ ಸೂಟ್‌ಕೇಸಿನ ಹಿಂದೆ ಬಚ್ಚಿಟ್ಟೆ. ಉಪ್ಪು ಮುಗಿಯಿತು, ಅಂಗಡಿಯಲ್ಲೂ ಇಲ್ಲವಂತೆ, ಬರುವವರೆಗೆ ಬರೀ ನೀರು ಹಾಕಿದರೆ ಏನೂ ಆಗುವುದಿಲ್ಲವಂತೆ ಎಂದು ಹೇಳಿದೆ. ಅತ್ತೆ ಅಂಗಡಿಯವನನ್ನು ಬೈದರು. ದಿನಾ ಸಂಜೆ ಬಂತಾ ಎಂದು ಕೇಳಿದರು. ಇಲ್ಲ ಎಂದೆ. ಸುಳ್ಳು ಹೇಳಲು ಇಷ್ಟು ಸಲೀಸಾಗುತ್ತದೆಂದು ಗೊತ್ತಿರಲಿಲ್ಲ.

ಕೆಲವು ದಿನಗಳ ಮೇಲೆ ಅಳೆದು ನೋಡಿದೆ. ಉಪ್ಪು ಇಳಿದಿರಲಿಲ್ಲ. ಏರಿತ್ತು. ಲೆಕ್ಕ ತಪ್ಪಿರಬೇಕೆಂದು ಮತ್ತೆ ಅಳೆದೆ. ಗುಂಡಮ್ಮನ ಬಾಯಿ ಮೊದಲಿಗಿಂತ ಅಗಲವಾಗಿತ್ತು.

ಮಾರನೆಯ ದಿನ ಮಧ್ಯಾಹ್ನವೇ ಮನೆಗೆ ಬಂದೆ. ಅತ್ತೆ ತೊಟ್ಟಿಯ ಪಕ್ಕ ಸ್ಟೂಲಿನ ಮೇಲೆ ನಿಂತಿದ್ದರು. ಕಂಕುಳಲ್ಲಿ ಅಡುಗೆಮನೆಯ ಉಪ್ಪಿನ ಜಾಡಿ, ಮುಷ್ಟಿಯ ತುಂಬ ಉಪ್ಪು. ನನ್ನನ್ನು ನೋಡಿ ಸ್ವಲ್ಪ ನಾಚಿಕೊಂಡರು. ಆ ಉಪ್ಪು ಸಿಗುವವರೆಗೆ ಇದಾದರೂ ಇರಲಿ, ಉಪ್ಪು ಉಪ್ಪೇ ತಾನೆ ಎಂದರು.

ಹೋಗಿ ಅವರ ಮಣಿಕಟ್ಟು ಹಿಡಿದೆ. ಜೋರಾಗಿಯೇ ಹಿಡಿದಿರಬೇಕು. ಉಪ್ಪು ನೆಲಕ್ಕೆ ಸುರಿಯಿತು.

‘ಬೇಡ ಅತ್ತೆ.’

‘ಯಾಕೆ? ಎಷ್ಟು ದಿನದಿಂದ ಸಪ್ಪೆ ನೀರಲ್ಲಿವೆ, ಪಾಪ.’

‘ಸಪ್ಪೆ ಇಲ್ಲ. ಉಪ್ಪು ಜಾಸ್ತಿ ಆಗಿದೆ.’

ಅವರು ಸ್ಟೂಲಿನಿಂದ ಇಳಿದು ಜಾಡಿಯನ್ನು ಎರಡು ಕೈಯಲ್ಲಿ ಮೇಜಿನ ಮೇಲಿಟ್ಟರು. ನಾನು ಹೇಳಿದೆ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ, ಹಾಕಿದ ಪ್ರತಿ ಹಿಡಿಯೂ ಅಲ್ಲೇ ಇದೆ ಎಂದು. ಹೇಳುತ್ತಿದ್ದ ಹಾಗೆ ಉಪ್ಪು ಹಾಕಿದ ಒಂದೊಂದೇ ಬೆಳಗನ್ನು ಅವರು ಹಿಂದಕ್ಕೆ ಎಣಿಸುತ್ತಿರುವುದು ಮುಖದಲ್ಲಿ ಕಂಡಿತು.

‘ಹಾಗಾದ್ರೆ ಶುರುವಿನಿಂದಲೂ ತಪ್ಪಾ?’

‘ಹೂಂ.’

‘ನಿನಗೆ ಯಾವಾಗ ಗೊತ್ತಾಯ್ತು?’

ಮೊನ್ನೆ ಅಳೆದಾಗ ಎನ್ನಬಹುದಿತ್ತು. ಬಾಯಿಯ ತುದಿಯಲ್ಲೇ ಇತ್ತು.

‘ಶುರುವಿನಿಂದಲೂ ಗೊತ್ತಿತ್ತು’ ಎಂದೆ.

ಅತ್ತೆ ಕಾಫಿ ಕುಡಿಯುವ ನನ್ನ ಕುರ್ಚಿಯನ್ನು ನೋಡಿದರು. ಆಮೇಲೆ ಅದರಲ್ಲೇ ಕೂತರು.

‘ದಿನಾ ಇಲ್ಲೇ ಕೂತಿರ್ತಿದ್ದೆ ನೀನು.’

‘ಹೌದು.’

‘ಅವನ ತಟ್ಟೆಗೆ ನಾನು ಹಾಕ್ತಿದ್ದದ್ದೂ ಗೊತ್ತಿತ್ತು ನಿನಗೆ.’ ಅದು ಪ್ರಶ್ನೆಯಾಗಿರಲಿಲ್ಲ. ‘ಅವತ್ತಿಂದ ಕಾಯ್ತಿದ್ದೀನಿ. ಇವತ್ತು ಅಂತಾಳೆ, ನಾಳೆ ಅಂತಾಳೆ ಅಂತ. ನೀನು ಮಾತ್ರೆ ತಂದುಕೊಡ್ತೀಯ, ಊಟ ಆಯ್ತಾ ಅಂತೀಯ. ಒಂದು ಮಾತು ಅನ್ನಲ್ಲ. ಅಂದುಬಿಡಬಾರದಾ? ಅನ್ನದೇ ಇರೋರ ಜೊತೆ ಒಂದೇ ಸೂರಿನಡಿ ಇರೋದು ಎಷ್ಟು ಕಷ್ಟ ಗೊತ್ತಾ?’

ನೆಲದ ಮೇಲಿನ ಉಪ್ಪು ನನ್ನ ಕಾಲಿಗೆ ಅಂಟಿತ್ತು. ಅವರನ್ನು ಕಾಪಾಡುತ್ತಿದ್ದೇನೆಂದು ನಾನು ಅಂದುಕೊಂಡಿದ್ದೆ.

‘ನೀವು ಹಾಕಬಾರದಿತ್ತು’ ಎಂದೆ.

ನನ್ನ ಧ್ವನಿ ನನಗೇ ಒರಟಾಗಿ ಕೇಳಿಸಿತು. ಹೇಳಿದ ಮರುಕ್ಷಣವೇ ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸಿತು. ಅತ್ತೆ ಅಳಲಿಲ್ಲ. ಸರದಿಯಲ್ಲಿ ಬಹಳ ಹೊತ್ತು ಕೂತವರು ತಮ್ಮ ಹೆಸರು ಕರೆದಾಗ ಆಡಿಸುವಂತೆ ತಲೆ ಆಡಿಸಿದರು.

‘ಹೂಂ. ಹಾಕಬಾರದಿತ್ತು.’

ಅದರಿಂದಲೇ ಆಯಿತು ಎಂದು ಡಾಕ್ಟರು ಹೇಳಿಲ್ಲ ಎಂದೆ. ಅದು ಬೇರೆ ಮಾತು ಎಂದರು. ನನ್ನನ್ನು ನೇರವಾಗಿ ನೋಡಿದರು.

‘ಹೇಳದೇ ಇದ್ದದ್ದು ನಿನ್ನ ತಪ್ಪು.’

‘ಹೌದು.’

‘ಎರಡು ಸಲವೂ.’

‘ಹೌದು ಅತ್ತೆ.’

ಅವರು ಎದ್ದು ಪೊರಕೆ ತಂದು ಉಪ್ಪು ಗುಡಿಸಿದರು. ನಾನು ಮೊರ ಹಿಡಿದೆ.

ಆಮೇಲೆ ಉಳಿದದ್ದನ್ನೂ ಹೇಳಿದೆ. ಮುಂದಿನ ಬಂಡೆಯ ಮೇಲಿರುವುದು ಗುಂಡಮ್ಮನೂ ಅಲ್ಲ, ಮರಿಗಳೂ ಅಲ್ಲ, ಕಳೆ ಎಂದು. ಅತ್ತೆ ಅವುಗಳ ಕಡೆ ನೋಡಿದರು. ತಾವು ಕೈಯಾರೆ ತಿನ್ನಿಸಿದ ದೊಡ್ಡದು ಎಳೆಗಳನ್ನು ಬಿಚ್ಚಿ ಕಾಯುತ್ತಿತ್ತು. ಅದಕ್ಕೇನು ಗೊತ್ತು ತಾನು ಕಳೆ ಅಂತ ಎಂದರು. ಟಾರ್ಚನ್ನು ಅವರ ಕೈಗೆ ಕೊಟ್ಟು ಹಿಂದಿನ ಮೂಲೆಗೆ ಕರೆದುಕೊಂಡು ಹೋದೆ. ಗೋಡೆಗೆ ಕೆನ್ನೆ ಒತ್ತಿ ನೋಡಿದರು.

‘ಇವಳಾ?’

‘ಇವಳೇ.’

‘ಎಷ್ಟು ಸೊರಗಿಬಿಟ್ಟಿದ್ದಾಳೆ. ಬದುಕ್ತಾಳಾ?’

ಗೊತ್ತಿಲ್ಲ ಎಂದೆ. ಹೂಂ ಎಂದಿದ್ದರೆ ಅವರು ನಂಬುತ್ತಿರಲಿಲ್ಲ.

ಕಳೆಯನ್ನು ಬಿಟ್ಟರೆ ಅದು ಹಿಂದಿನವರೆಗೂ ಹಬ್ಬಿ ಗುಂಡಮ್ಮನನ್ನು ಚುಚ್ಚುತ್ತದೆ. ದಪ್ಪ ಸುಣ್ಣದ ನೀರನ್ನು ಸಿರಿಂಜಿನಲ್ಲಿ ತುಂಬಿ ಒಂದೊಂದರ ಬಾಯಿಗೆ ಬಿಡಬೇಕು. ಒಂದೇ ಸಲಕ್ಕೆ ಎಲ್ಲವನ್ನೂ ಕೊಂದರೆ ನೀರು ಕೆಡುತ್ತದೆ, ದಿನಕ್ಕೆ ಕೆಲವನ್ನು ಮಾತ್ರ. ದೊಡ್ಡದನ್ನು ಕೊನೆಗೆ ಉಳಿಸು ಎಂದು ಅತ್ತೆ ಕೇಳಿಕೊಂಡರು. ಅದರ ಸರದಿ ಬಂದ ದಿನ ಅವರೇ ಅದಕ್ಕೆ ಒಂದು ಚೂರು ಸಿಗಡಿ ತಿನ್ನಿಸಿದರು. ಆಮೇಲೆ ನನ್ನ ಕೈಗೆ ಸಿರಿಂಜು ಕೊಟ್ಟು, ಕಿಟಕಿಯ ಹತ್ತಿರ ಹೋಗಿ ಬೀದಿಯನ್ನು ನೋಡುತ್ತ ನಿಂತರು. ಆಯಿತಾ ಎಂದು ಮಾತ್ರ ಕೇಳಿದರು.

ಉಪ್ಪು ನಿಧಾನವಾಗಿ ಇಳಿಯುತ್ತಿದೆ. ಬಚ್ಚಲಿನ ಸದ್ದಿಗೆ ಕಿವಿಗೊಡುವ ಅಗತ್ಯ ಈಗಿಲ್ಲ. ಅತ್ತೆ ಮಗ್ಗು ಹಿಡಿಯುತ್ತಾರೆ, ನಾನು ಅಳೆಯುತ್ತೇನೆ. ಕೆಲವು ದಿನ ನನ್ನ ಜೊತೆ ಮಾತಾಡುವುದಿಲ್ಲ. ಕೆಲವು ದಿನ ಮಗ್ಗು ಎತ್ತುವಾಗ, ಇಷ್ಟು ದಿನ ಬಾಯಲ್ಲೇನು ಇಟ್ಟುಕೊಂಡಿದ್ದೆ ಎಂದು ಇದ್ದಕ್ಕಿದ್ದಂತೆ ಕೇಳುತ್ತಾರೆ. ಕೇಳಿಸಿಕೊಳ್ಳುತ್ತೇನೆ.

ಇವತ್ತು ಮೊದಲ ಸಲ ತಿನ್ನಿಸಿ ನೋಡಿದೆವು. ಪಂಪ್ ನಿಲ್ಲಿಸಿದೆ. ಅತ್ತೆ ಬೆಳಕು ಹಿಡಿದರು. ಅಕ್ಕಿಕಾಳಿನಷ್ಟು ಸಿಗಡಿಯ ಚೂರನ್ನು ಉದ್ದನೆಯ ಚಿಮಟದಲ್ಲಿ ಹಿಡಿದು ಬಿಳಿ ಎಳೆಗಳ ಮೇಲಿಟ್ಟೆ. ಎಳೆಗಳು ಒಂದರ ಮೇಲೊಂದು ಬಾಗಿದವು. ಚೂರು ಬಾಯಿಯ ಕಡೆ ಸರಿಯಿತು, ಒಳಗೆ ಹೋಯಿತು. ನಾವಿಬ್ಬರೂ ಅಲುಗಾಡಲಿಲ್ಲ.

ಸ್ವಲ್ಪ ಹೊತ್ತಿಗೆ ಬಾಯಿ ತೆರೆಯಿತು. ಚೂರು ಹಾಗೆಯೇ ಹೊರಗೆ ಬಂದು ಬಂಡೆಯ ಮೇಲೆ ಉರುಳಿತು. ಮನೆಯಳಿಯ ಬಂದು ಅದನ್ನು ಕಚ್ಚಿಕೊಂಡು ಹೋದ.

‘ದೊಡ್ಡದಾಯ್ತೇನೋ’ ಎಂದರು ಅತ್ತೆ. ‘ಇನ್ನೂ ಸಣ್ಣಗೆ ಕತ್ತರಿಸು.’

ನಾನು ಚಾಕು ತೆಗೆದುಕೊಂಡೆ.